ಅಣ್ಣಾವ್ರು ದಪ್ಪ ಆಗಿಲ್ಲ, ಟಿವಿ ಎಳೆದಿದೆ

ಈ ಸಂಚಿಕೆಯಲ್ಲಿ ಡಿಎನ್‌ಎ, ಪ್ರೋಟೀನುಗಳಿಗೆ ಸ್ವಲ್ಪ ರಜೆ. ಇವತ್ತು ಮಾತಾಡೋದು ಮನೆಯ ಟಿವಿ ಮತ್ತು ಪ್ರೊಜೆಕ್ಟರ್ ಬಗ್ಗೆ. ಜೀವವಿಜ್ಞಾನ ಓದಿದವರಿಗೆ ಟಿವಿ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಇದು ಕಣ್ಣಿನ ವಿಷಯ, ಮಿದುಳಿನ ವಿಷಯ, ಕೊನೆಗೆ ನಮ್ಮ ಮನೆಯ ಬೀರುವಿನಲ್ಲಿರುವ ಹಳೇ ಮದುವೆ ಕ್ಯಾಸೆಟ್ಟುಗಳ ವಿಷಯ ಕೂಡ ಹೌದು.

ನಾವಿರೋದು ಐರ್ಲೆಂಡಿನ ಕ್ಯಾಸಲ್‌ನಾಕ್‌ನಲ್ಲಿ. ಡಬ್ಲಿನ್ ನಗರದ ಪಶ್ಚಿಮಕ್ಕೆ, ಫೀನಿಕ್ಸ್ ಪಾರ್ಕಿನ ಪಕ್ಕದ ಊರು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿರ್ತಾನೆ. ಇಂಥ ಕಡೆ ಕನ್ನಡದ ಮನೆಗಳಿಗೆ ಶನಿವಾರದ ಸಂಜೆ ಅಂದ್ರೆ ಸಿನಿಮಾ. ಒಬ್ಬರ ಮನೆಯಲ್ಲಿ 65 ಇಂಚಿನ ಟಿವಿ. ಇನ್ನೊಬ್ಬರ ಮನೆಯ ಅಟ್ಟದಲ್ಲಿ ಪ್ರೊಜೆಕ್ಟರು, ಐದು ಸ್ಪೀಕರು, ನೆಲ ನಡುಗಿಸೋ ಸಬ್‌ವೂಫರು. ಇಷ್ಟೆಲ್ಲ ಇದ್ದರೂ ‘ಬಂಗಾರದ ಮನುಷ್ಯ’ ಹಾಕಿದ ತಕ್ಷಣ ಅಣ್ಣಾವ್ರ ಮುಖ ರೊಟ್ಟಿ ತಟ್ಟಿದ ಹಾಗೆ ಅಗಲವಾಗಿರತ್ತೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು “ಇವರು ಇಷ್ಟು ದಪ್ಪ ಇದ್ರಾ?” ಅಂತ ಕೇಳ್ತಾರೆ. ಯೋಗಾಸನಕ್ಕೆ ಹೆಸರಾದ ಮನುಷ್ಯನ ಬಗ್ಗೆ ಈ ಪ್ರಶ್ನೆ! ದೊಡ್ಡವರು “ಸುಮ್ನೆ ನೋಡೋ, ಸ್ಕ್ರೀನ್ ಪೂರ್ತಿ ಬರ್ತಿದೆಯಲ್ಲ” ಅಂತಾರೆ.

ಈ “ಸ್ಕ್ರೀನ್ ಪೂರ್ತಿ” ಅನ್ನೋ ಮಾತಿನ ಮೇಲೇ ನಮ್ಮ ತಕರಾರು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀವಿ. ಚಿತ್ರದ ಆಕಾರ ಸರಿಯಿದೆಯೋ ಇಲ್ಲವೋ ಅಂತ ತೀರ್ಮಾನಿಸೋಕೆ ನಮ್ಮ ಕಣ್ಣು ನಂಬಿಕಸ್ತ ಸಾಕ್ಷಿ ಅಲ್ಲ, ಅಳೆದು ನೋಡಬೇಕು. ಎರಡನೆಯದು, ಹಿಗ್ಗಿಸಿದ ಚಿತ್ರವನ್ನು ಮತ್ತೆ ಸರಿ ಮಾಡಬಹುದು, ಕತ್ತರಿಸಿದ ಚಿತ್ರವನ್ನು ಮಾಡೋಕಾಗಲ್ಲ. ಹಾಗಾಗಿ ಕಪ್ಪು ಪಟ್ಟಿ ಬಂದರೆ ಬರಲಿ, ಚೌಕಟ್ಟು ಪೂರ್ತಿ ಉಳೀಬೇಕು. ನೋಡುವಾಗ ಈ ಮಾತು ಮುಖ್ಯ, ನಕಲು ಮಾಡಿ ಇಡುವಾಗ ಇನ್ನೂ ಮುಖ್ಯ.

ಈ ಗೊಂದಲ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. 1890ರ ದಶಕದಲ್ಲಿ ಎಡಿಸನ್ ಅವರ ಪ್ರಯೋಗಾಲಯದಲ್ಲಿ ಡಬ್ಲ್ಯೂ. ಕೆ. ಎಲ್. ಡಿಕ್ಸನ್ 35 ಮಿಲಿಮೀಟರ್ ಫಿಲ್ಮಿಗೆ ಒಂದು ಚೌಕಟ್ಟು ಗೊತ್ತುಮಾಡಿದರು. ಪ್ರತಿ ಚಿತ್ರಕ್ಕೆ ನಾಲ್ಕು ರಂಧ್ರಗಳಷ್ಟು ಎತ್ತರ, ಅಗಲ ಅದರ ಒಂದೂಮೂರನೇ ಒಂದರಷ್ಟು. ಅಂದ್ರೆ 4:3. ಮುಂದೆ ಚಿತ್ರಕ್ಕೆ ಮಾತು ಬಂದಾಗ ಫಿಲ್ಮಿನ ಅಂಚಿನಲ್ಲಿ ಧ್ವನಿಗೂ ಜಾಗ ಬೇಕಾಯ್ತು. 1932ರಲ್ಲಿ ಹಾಲಿವುಡ್‌ನ ಅಕಾಡೆಮಿ 1.37 ಅನ್ನೋ ಅಳತೆಯನ್ನು ಗಟ್ಟಿ ಮಾಡಿತು. ಹೆಚ್ಚುಕಡಿಮೆ ಅದೇ ಆಕಾರ. ಟಿವಿ ಬಂದಾಗ ಅದೂ ಈ 4:3 ಆಕಾರವನ್ನೇ ತಗೊಂಡಿತು.

ಆಮೇಲೆ ಜನ ಮನೆಯಲ್ಲಿ ಟಿವಿ ಮುಂದೆ ಕೂತು ಚಿತ್ರಮಂದಿರಕ್ಕೆ ಬರೋದು ಕಮ್ಮಿ ಮಾಡಿದಾಗ, ಸಿನಿಮಾದವರು ಟಿವಿಗೆ ಆಗದ್ದನ್ನು ಮಾಡಿ ತೋರಿಸೋಣ ಅಂತ ಹೊರಟರು. 1953ರಲ್ಲಿ ‘ದಿ ರೋಬ್’ ಚಿತ್ರದೊಂದಿಗೆ ಸಿನಿಮಾಸ್ಕೋಪ್ ಬಂತು. ಫ್ರಾನ್ಸಿನ ಆನ್ರಿ ಕ್ರೆಟಿಯೆನ್ 1920ರ ದಶಕದಲ್ಲೇ ಮಾಡಿಟ್ಟಿದ್ದ ಒಂದು ಮಸೂರ ಇದಕ್ಕೆ ಆಧಾರ. ಶೂಟಿಂಗ್ ಮಾಡುವಾಗ ಆ ಮಸೂರ ಅಗಲವಾದ ದೃಶ್ಯವನ್ನು ಅಡ್ಡಡ್ಡ ಅರ್ಧಕ್ಕೆ ಹಿಂಡಿ ಫಿಲ್ಮಿನ ಮೇಲೆ ಕೂರಿಸತ್ತೆ. ಚಿತ್ರಮಂದಿರದಲ್ಲಿ ಇನ್ನೊಂದು ಮಸೂರ ಅದನ್ನು ಮತ್ತೆ ಬಿಡಿಸತ್ತೆ. ಪ್ರೊಜೆಕ್ಟರ್ ನಡೆಸೋವ್ರು ಮಸೂರ ಬದಲಿಸೋದು ಮರೆತರೆ ಪರದೆ ಮೇಲೆ ಎಲ್ಲರೂ ಕಡ್ಡಿ ಕಡ್ಡಿ. ಅಲ್ಲಿಂದ ಸಿಳ್ಳೆ, ಕೂಗು.

ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದಿದ್ದು 1977ರಲ್ಲಿ, ವಿಷ್ಣುವರ್ಧನ್ ಮತ್ತು ಮಂಜುಳಾ ನಟಿಸಿದ ‘ಸೊಸೆ ತಂದ ಸೌಭಾಗ್ಯ’ದ ಮೂಲಕ. ಅಂದರೆ 1965ರ ‘ಸತ್ಯ ಹರಿಶ್ಚಂದ್ರ’, 1971ರ ‘ಕಸ್ತೂರಿ ನಿವಾಸ’, 1972ರ ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’ ಇವೆಲ್ಲ ಸ್ಕೋಪಿಗಿಂತ ಹಿಂದಿನವು. 1987ರಲ್ಲಿ ದೂರದರ್ಶನದಲ್ಲಿ ಬಂದ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಕೂಡ ಹಳೇ ಟಿವಿಯ ಚೌಕಟ್ಟಿಗೆ ಮಾಡಿದ್ದು. ನಾವು ತುಂಬ ಪ್ರೀತಿಯಿಂದ ನೆನೆಯೋ ಬಹಳಷ್ಟು ಚಿತ್ರಗಳು ಇವತ್ತಿನ ಟಿವಿಯ ಆಕಾರದಲ್ಲಿ ಹುಟ್ಟಿದವಲ್ಲ ಅನ್ನೋದು ನೆನಪಿರಲಿ.

ಹಾಗಾದರೆ ಇವತ್ತಿನ ಟಿವಿಯ 16:9 ಎಲ್ಲಿಂದ ಬಂತು? ಇದು ಸ್ವಾರಸ್ಯವಾಗಿದೆ. 1980ರ ದಶಕದಲ್ಲಿ ಅಮೆರಿಕದ ಕರ್ನ್ಸ್ ಪವರ್ಸ್ ಅನ್ನೋ ಎಂಜಿನಿಯರ್, ಆಗ ಚಾಲ್ತಿಯಲ್ಲಿದ್ದ ಎಲ್ಲ ಚೌಕಟ್ಟುಗಳನ್ನೂ ಒಂದೇ ವಿಸ್ತೀರ್ಣಕ್ಕೆ ಕತ್ತರಿಸಿ ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತ, ಎಲ್ಲಕ್ಕೂ ಸಮಾನವಾದ ಒಳಗಿನ ಆಯತ, ಎರಡರ ಆಕಾರವೂ ಸುಮಾರು 1.77. ಲೆಕ್ಕ ಇಷ್ಟವಿರೋರು ಹೀಗೆ ಮಾಡಿ ನೋಡಿ: ಹಳೇ ಟಿವಿಯ 1.33ನ್ನು ಸ್ಕೋಪಿನ 2.35ರಿಂದ ಗುಣಿಸಿ, ವರ್ಗಮೂಲ ತೆಗೀರಿ. ಬರೋದು 1.77. 16ನ್ನು 9ರಿಂದ ಭಾಗಿಸಿದರೂ ಹೆಚ್ಚುಕಡಿಮೆ ಅದೇ. ಅಂದ್ರೆ ನಿಮ್ಮ ಗೋಡೆ ಮೇಲಿರೋ ಟಿವಿ ಒಂದು ರಾಜಿ ಪಂಚಾಯ್ತಿಯ ಫಲ. ಹಳೇ ಚಿತ್ರಕ್ಕೆ ಅದು ಜಾಸ್ತಿ ಅಗಲ, ಸ್ಕೋಪ್ ಚಿತ್ರಕ್ಕೆ ಜಾಸ್ತಿ ಎತ್ತರ. 4:3 ಚಿತ್ರ ಸರಿಯಾಗಿ ಬಂದರೆ ಎಡಕ್ಕೂ ಬಲಕ್ಕೂ ಸೇರಿ ಪರದೆಯ ಶೇಕಡಾ 25ರಷ್ಟು ಕಪ್ಪಾಗಿರಲೇಬೇಕು. ಈಗಿನ 2.39ರ ಸ್ಕೋಪ್ ಚಿತ್ರ ಸರಿಯಾಗಿ ಬಂದರೆ ಮೇಲೂ ಕೆಳಗೂ ಸೇರಿ ಶೇಕಡಾ 25ಕ್ಕಿಂತ ತುಸು ಹೆಚ್ಚು ಕಪ್ಪು. ಕಪ್ಪು ಪಟ್ಟಿ ಟಿವಿಯ ದೋಷ ಅಲ್ಲ, ರಾಜಿಯಲ್ಲಿ ಆಗಲೇ ಒಪ್ಪಿಕೊಂಡ ಷರತ್ತು.

ಅದನ್ನು ಮುಚ್ಚೋಕೆ ಟಿವಿ ಎರಡು ದಾರಿ ಕೊಡತ್ತೆ. ಒಂದು ಎಳೆಯೋದು. 4:3 ಚಿತ್ರವನ್ನು 16:9ಕ್ಕೆ ಎಳೆದರೆ ಎಲ್ಲವೂ ಮೂರನೇ ಒಂದರಷ್ಟು ಹೆಚ್ಚು ಅಗಲ ಆಗತ್ತೆ. ಇನ್ನೊಂದು ಜೂಮ್. ಅದರಲ್ಲಿ ಆಕಾರ ಸರಿಯಿರತ್ತೆ, ಆದರೆ 4:3 ಚಿತ್ರದ ಎತ್ತರದಲ್ಲಿ ನಾಲ್ಕನೇ ಒಂದು ಭಾಗ ಹೊರಗೆ ಹೋಗತ್ತೆ. ಮೇಲೆ ಹಣೆ, ಕೆಳಗೆ ಪಾದ ಮಾಯ. ನಾಟ್ಯದ ದೃಶ್ಯದಲ್ಲಿ ಗೆಜ್ಜೆಯೇ ಕಾಣಲ್ಲ ಅಂದರೆ ಏನು ನೋಡಿದ ಹಾಗಾಯ್ತು?

ಈಗ ನಮ್ಮ ವಿಷಯಕ್ಕೆ ಬರೋಣ. ಮುಖ ಮೂರನೇ ಒಂದರಷ್ಟು ಅಗಲ ಆಗಿದ್ದರೂ ಮನೆಯವರು ಯಾರಿಗೂ ಗೊತ್ತೇ ಆಗಲ್ಲ ಯಾಕೆ? ಕಣ್ಣು ಕೆಟ್ಟಿದೆಯಾ? ಇಲ್ಲ. ಮಿದುಳು ತನ್ನ ಕೆಲಸ ಚೆನ್ನಾಗಿ ಮಾಡ್ತಿದೆ, ಅಷ್ಟೇ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಗ್ರಹಾಂ ಹೋಲ್ ಮತ್ತು ಸಂಗಡಿಗರು 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಪರಿಚಿತ ಮುಖಗಳ ಫೋಟೋವನ್ನು ಎತ್ತರದಲ್ಲಿ ಎರಡು ಪಟ್ಟು ಎಳೆದರೂ ಜನ ಸಲೀಸಾಗಿ ಗುರುತಿಸ್ತಿದ್ರು. ನಾವು ಮುಖವನ್ನು ಗುರುತಿಸೋದು ಕಣ್ಣು, ಮೂಗಿನ ನಡುವಿನ ಅಂತರಗಳಿಂದ ಅನ್ನೋ ಸರಳ ವಿವರಣೆಗೆ ಇದು ದೊಡ್ಡ ಸವಾಲು. ಯಾಕಂದ್ರೆ ಎಳೆದಾಗ ಆ ಅಂತರಗಳ ಪರಸ್ಪರ ಲೆಕ್ಕ ಬದಲಾಗಿರತ್ತೆ, ಗುರುತು ಮಾತ್ರ ಹೋಗಿರಲ್ಲ.

ಎರಡನೇ ಸಂಗತಿ ಇನ್ನೂ ಮಜವಾಗಿದೆ. ಅಮೆರಿಕದ ಮೈಕಲ್ ವೆಬ್‌ಸ್ಟರ್ ಮತ್ತು ಓಟೋ ಮ್ಯಾಕ್‌ಲಿನ್ 1999ರಲ್ಲಿ ತೋರಿಸಿದ್ದು ಇದು: ವಿಕಾರಗೊಳಿಸಿದ ಮುಖವನ್ನು ಸ್ವಲ್ಪ ಹೊತ್ತು ನೋಡ್ತಾ ಇದ್ದರೆ, ಆಮೇಲೆ ಸರಿಯಾದ ಮುಖವೇ ಉಲ್ಟಾ ದಿಕ್ಕಿಗೆ ವಿಕಾರವಾಗಿ ಕಾಣತ್ತೆ. ಮಿದುಳಿನೊಳಗಿನ “ಸಾಮಾನ್ಯ” ಅನ್ನೋ ಗೂಟ ಕಿತ್ತು ಬೇರೆ ಕಡೆ ನೆಟ್ಟ ಹಾಗೆ. ಇದನ್ನು ಟಿವಿಗೆ ಅನ್ವಯಿಸೋದು ನಮ್ಮ ಊಹೆ, ಆದರೆ ದೂರದ ಊಹೆ ಏನಲ್ಲ. ವರ್ಷಗಟ್ಟಲೆ ಎಳೆದ ಚಿತ್ರ ನೋಡಿದವರಿಗೆ ಒಂದು ದಿನ ಸರಿ ಮಾಡಿ ತೋರಿಸಿದರೆ “ಎಲ್ಲ ಸೊರಗಿ ಹೋಗಿದಾರಲ್ಲ” ಅಂತಾರೆ. ಅರ್ಧ ಗಂಟೆ ಬಿಡಿ, ಹೊಂದಿಕೊಳ್ತಾರೆ.

ಮೂರನೆಯದು. 2005ರಲ್ಲಿ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು, ಚಿತ್ರವನ್ನು ಓರೆಯಾಗಿ ನೋಡಿದರೂ ಅದು ಸರಿಯಾಗೇ ಕಾಣೋದು ಯಾಕೆ ಅಂತ ಅಧ್ಯಯನ ಮಾಡಿದರು. ಪರದೆ ಎಷ್ಟು ಓರೆಯಿದೆ ಅಂತ ಮಿದುಳು ಅಂದಾಜು ಮಾಡಿಕೊಂಡು, ಅಷ್ಟನ್ನು ಲೆಕ್ಕದಿಂದ ಕಳೀತದೆ. ಮೂಲೆಯ ಸೋಫಾದಲ್ಲಿ ಕೂತವರಿಗೂ ಸಿನಿಮಾ ಸರಿಯಾಗಿ ಕಾಣೋದು ಇದರಿಂದಲೇ. ಆದರೆ ಈ ಲೆಕ್ಕ ಪರದೆಯ ಓರೆಯನ್ನು ಮಾತ್ರ ಸರಿ ಮಾಡತ್ತೆ, ಪರದೆಯೊಳಗೇ ಎಳೆದು ಕೂರಿಸಿದ್ದನ್ನಲ್ಲ. ಅದಕ್ಕೆ ಒಗ್ಗಿಹೋಗ್ತೀವಿ, ಅಷ್ಟೇ. ಒಗ್ಗಿಹೋಗೋದು ಬೇರೆ, ಸರಿಯಾಗಿರೋದು ಬೇರೆ.

ಪ್ರಯೋಗಾಲಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಮನುಷ್ಯರ ಕೆಂಪು ರಕ್ತಕಣ ಮೇಲಿನಿಂದ ನೋಡಿದರೆ ದುಂಡಗೆ, ಸುಮಾರು ಏಳೂವರೆ ಮೈಕ್ರೋಮೀಟರ್ ಅಗಲ. ಒಂಟೆಯದ್ದು ಮೊಟ್ಟೆಯಾಕಾರ. ಮನುಷ್ಯರಲ್ಲೂ ಎಲಿಪ್ಟೊಸೈಟೋಸಿಸ್ ಅನ್ನೋ ಅನುವಂಶೀಯ ತೊಂದರೆಯಲ್ಲಿ ರಕ್ತಕಣಗಳು ಅಂಡಾಕಾರ ಆಗ್ತವೆ. ಈಗ ಆರೋಗ್ಯವಂತರೊಬ್ಬರ ರಕ್ತದ ಚಿತ್ರವನ್ನು ಸ್ಲೈಡಿನಲ್ಲಿ ಹಾಕಿ, “ಜಾಗ ಖಾಲಿ ಉಳೀತು” ಅಂತ ಪಕ್ಕಕ್ಕೆ ಎಳೆದುಬಿಟ್ಟರೆ? ಏಳೂವರೆ ಹತ್ತಾಗತ್ತೆ, ದುಂಡಗಿನದ್ದು ಅಂಡಾಕಾರ ಆಗತ್ತೆ. ರೋಗ ಇಲ್ಲದವರಿಗೆ ನಾವೇ ಮೌಸ್ ಹಿಡಿದು ರೋಗ ಅಂಟಿಸಿದ ಹಾಗೆ. ‘ಜರ್ನಲ್ ಆಫ್ ಸೆಲ್ ಬಯಾಲಜಿ’ 2002ರಿಂದಲೇ ತನಗೆ ಬರುವ ಲೇಖನಗಳ ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸೋಕೆ ಶುರು ಮಾಡಿತು. ನಮಗೆ ಚಿತ್ರ ಅಂದರೆ ಅಲಂಕಾರ ಅಲ್ಲ, ದತ್ತಾಂಶ. ಆಕಾರ ಬದಲಾದರೆ ಮಾಹಿತಿಯೂ ಬದಲಾಯ್ತು. ಒಬ್ಬ ನಟನ ಮುಖ, ಒಬ್ಬ ಛಾಯಾಗ್ರಾಹಕ ಕಟ್ಟಿದ ಚೌಕಟ್ಟು ಕೂಡ ಹಾಗೇ ಅಂತ ನಮ್ಮ ವಾದ.

ಸರಿ, ಮನೆಯಲ್ಲಿ ಇದನ್ನು ಸರಿಪಡಿಸೋದು ಹೇಗೆ? ರಿಮೋಟ್ ಹಿಡಿದು ಸಿಕ್ಕಿದ್ದೆಲ್ಲ ಒತ್ತಬೇಡಿ. ಪ್ರಯೋಗಾಲಯದಲ್ಲಿ ಮಾಡೋ ಹಾಗೆ ಮೊದಲು ಒಂದು ಕಂಟ್ರೋಲ್ ಇಟ್ಕೊಳ್ಳಿ. ಅಂದ್ರೆ ಉತ್ತರ ಮೊದಲೇ ಗೊತ್ತಿರೋ ಒಂದು ಮಾದರಿ. ಲ್ಯಾಪ್‌ಟಾಪಿನಲ್ಲಿ 16:9 ಅಳತೆಯ ಒಂದು ಸ್ಲೈಡ್ ತೆಗೆದುಕೊಂಡು, ಮಧ್ಯದಲ್ಲಿ ಒಂದು ದೊಡ್ಡ ವೃತ್ತ ಬರೀರಿ. ಶಿಫ್ಟ್ ಕೀಲಿ ಒತ್ತಿ ಹಿಡಿದು ಎಳೆದರೆ ವೃತ್ತ ಸರಿಯಾಗಿ ಬರತ್ತೆ. ನಾಲ್ಕೂ ಮೂಲೆಗಳಲ್ಲಿ, ಅಂಚಿಗೆ ತಾಗೋ ಹಾಗೆ 1, 2, 3, 4 ಅಂತ ಬರೀರಿ. ಅದನ್ನು ಚಿತ್ರವಾಗಿ ಉಳಿಸಿ, ಪೆನ್ ಡ್ರೈವಿನಿಂದಲೋ ಫೋನಿನಿಂದಲೋ, ನೀವು ಸಿನಿಮಾ ನೋಡೋ ಅದೇ ಪೆಟ್ಟಿಗೆಯ ಮೂಲಕ ಟಿವಿಗೆ ಕಳಿಸಿ. ಆಮೇಲೆ ಸ್ಕೇಲ್ ಹಿಡಿದು ವೃತ್ತದ ಅಗಲ, ಎತ್ತರ ಅಳೀರಿ. ಕಣ್ಣಂದಾಜು ಬೇಡ, ಕಣ್ಣಿನ ಕಥೆ ಈಗಷ್ಟೇ ಕೇಳಿದಿರಲ್ಲ.

ಅಗಲ, ಎತ್ತರ ಎರಡೂ ಒಂದೇ ಇದ್ದು, ನಾಲ್ಕು ಅಂಕಿಗಳೂ ಪೂರ್ತಿ ಕಂಡರೆ ನಿಮ್ಮ ಟಿವಿ, ರಿಸೀವರ್, ಕೇಬಲ್ ಎಲ್ಲ ನಿರಪರಾಧಿಗಳು. ಆಗಲೂ ಸಿನಿಮಾ ಅಗಲವಾಗಿ ಕಂಡರೆ ತಪ್ಪು ಆ ವಿಡಿಯೋದಲ್ಲೇ ಇದೆ. ವೃತ್ತವೇ ಅಂಡಾಕಾರ ಆಗಿದ್ದರೆ ತಪ್ಪು ನಿಮ್ಮ ಯಂತ್ರಗಳಲ್ಲಿದೆ. ಅಗಲವನ್ನು ಎತ್ತರದಿಂದ ಭಾಗಿಸಿದಾಗ 1.33 ಬಂದರೆ ಯಾರೋ 4:3ನ್ನು 16:9 ಮಾಡ್ತಿದಾರೆ. 0.75 ಬಂದರೆ ಉಲ್ಟಾ, ಅಗಲದ ಚಿತ್ರವನ್ನು ಹಳೇ ಚೌಕಟ್ಟಿಗೆ ತುರುಕ್ತಿದಾರೆ. ವೃತ್ತ ದುಂಡಗಿದ್ದು ಅಂಕಿಗಳು ಕಾಣೆಯಾದರೆ ಎಲ್ಲೋ ಜೂಮ್ ಅಥವಾ ಓವರ್‌ಸ್ಕ್ಯಾನ್ ಆನ್ ಆಗಿದೆ. ನೋಡಿ, ಒಂದು ವೃತ್ತ, ನಾಲ್ಕು ಅಂಕಿ, ಅರ್ಧ ರೋಗಪತ್ತೆ ಮುಗೀತು.

ಮುಂದಿನ ಸೂತ್ರ: ಆಕಾರ ಬದಲಿಸೋ ಅಧಿಕಾರ ಒಬ್ಬರಿಗೇ ಇರಲಿ. ಹೋಮ್ ಥಿಯೇಟರ್‌ನಲ್ಲಿ ಚಿತ್ರ ಹೋಗೋ ದಾರಿಯಲ್ಲಿ ಪ್ಲೇಯರ್, ರಿಸೀವರ್, ಟಿವಿ, ಹೀಗೆ ಮೂರು ಜನ ಇರ್ತಾರೆ. ಮೂರಕ್ಕೂ ತಾವೇ ಸರಿಪಡಿಸಬೇಕು ಅನ್ನೋ ಉತ್ಸಾಹ. ಪ್ಲೇಯರ್ ಎಳೆಯತ್ತೆ, ಟಿವಿ ಜೂಮ್ ಮಾಡತ್ತೆ, ಕೊನೆಗೆ ಯಾರು ಏನು ಮಾಡಿದ್ರು ಅಂತ ಗೊತ್ತಾಗಲ್ಲ. ಅಡುಗೆಗೆ ಮೂರು ಜನ ಉಪ್ಪು ಹಾಕಿದ ಹಾಗೆ. ರಿಸೀವರ್‌ನಲ್ಲಿ ವಿಡಿಯೋ ಬದಲಿಸೋ ಆಯ್ಕೆಗಳನ್ನು ಆಫ್ ಮಾಡಿ, ಬಂದದ್ದನ್ನು ಹಾಗೇ ಮುಂದೆ ಕಳಿಸಲಿ. ಪೆಟ್ಟಿಗೆ ಟಿವಿಯ ರೆಸಲ್ಯೂಶನ್‌ನಲ್ಲೇ ಕಳಿಸಲಿ. ಟಿವಿಯಲ್ಲಿ ಚಿತ್ರದ ಅಳತೆಯನ್ನು 16:9 ಅಥವಾ ಒರಿಜಿನಲ್ ಅಂತ ಇಡಿ, ಆಟೋ ಜೂಮ್ ಇದ್ದರೆ ತೆಗೀರಿ.

ಇಲ್ಲಿ ಒಂದು ಗೊಂದಲ ತುಂಬ ಜನಕ್ಕೆ ಆಗತ್ತೆ. ಹಳೇ ಸಿನಿಮಾ 4:3, ಹಾಗಾದರೆ ಟಿವಿಯಲ್ಲೂ 4:3 ಒತ್ತಬೇಕಲ್ವಾ? ಎಚ್‌ಡಿಎಂಐ ಮೂಲಕ ಎಚ್‌ಡಿ ಸಂಕೇತ ಬರ್ತಿದ್ದರೆ ಒತ್ತಬಾರದು. ಆ ಸಂಕೇತದಲ್ಲಿ ಬದಿಯ ಕಪ್ಪು ಪಟ್ಟಿಗಳು ಆಗಲೇ ಸೇರಿರ್ತವೆ. ಅಲ್ಲಿ 16:9 ಅಂದರೆ “ಇದ್ದ ಹಾಗೇ ಬಿಡು” ಅಂತ ಅರ್ಥ. ಮತ್ತೆ 4:3 ಒತ್ತಿದರೆ ಎಲ್ಲರೂ ಸೊರಗಿ ಹೋಗ್ತಾರೆ. ಹಳೇ ವಿಸಿಆರ್ ಅಥವಾ ಹಳದಿ-ಕೆಂಪು-ಬಿಳಿ ವೈರಿನ ಪ್ಲೇಯರಿನಲ್ಲಿ 4:3 ಚಿತ್ರ ನೋಡುವಾಗ ಮಾತ್ರ 4:3 ಬೇಕಾಗತ್ತೆ.

ಓವರ್‌ಸ್ಕ್ಯಾನ್ ಬಗ್ಗೆ ಒಂದು ಮಾತು. ಹಿಂದಿನ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಚಿತ್ರದ ಅಂಚು ನೆಟ್ಟಗಿರ್ತಿರಲಿಲ್ಲ. ಹಾಗಾಗಿ ಸ್ವಲ್ಪ ದೊಡ್ಡದು ಮಾಡಿ ಅಂಚನ್ನು ಚೌಕಟ್ಟಿನ ಹಿಂದೆ ಬಚ್ಚಿಡ್ತಿದ್ರು. ಐರ್ಲೆಂಡಿನಲ್ಲಿ ಅನಲಾಗ್ ಪ್ರಸಾರ 2012ರ ಅಕ್ಟೋಬರ್ 24ಕ್ಕೆ ನಿಂತೇ ಹೋಯಿತು, ಆದರೆ ಆ ಅಭ್ಯಾಸ ಮಾತ್ರ ಈಗಿನ ಟಿವಿಗಳಲ್ಲೂ ಉಳಿದಿದೆ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್, ಸೋನಿಯಲ್ಲಿ ಡಿಸ್‌ಪ್ಲೇ ಏರಿಯಾ ಒಳಗೆ ಫುಲ್ ಪಿಕ್ಸೆಲ್, ಇಂಥ ಹೆಸರಲ್ಲಿ ಅದನ್ನು ನಿಲ್ಲಿಸೋ ಆಯ್ಕೆ ಇರತ್ತೆ. ಕೆಳಗಿನ ಇಂಗ್ಲಿಷ್ ಸಬ್‌ಟೈಟಲ್ ಅರ್ಧ ಕತ್ತರಿಸಿ ಬರ್ತಿದ್ದರೆ ಮೊದಲು ಇದನ್ನು ನೋಡಿ.

ಡಿವಿಡಿ ಇನ್ನೂ ಇಟ್ಟುಕೊಂಡವರು ಒಂದು ವಿಚಿತ್ರ ತಿಳ್ಕೊಳ್ಳಿ. ನಮ್ಮ ಪಾಲ್ ಡಿವಿಡಿಯಲ್ಲಿ ಚಿತ್ರ 720 ಅಡ್ಡ, 576 ಉದ್ದ ಚುಕ್ಕಿಗಳು. ಭಾಗಿಸಿದರೆ 1.25. ಅದು 4:3ಉ ಅಲ್ಲ, 16:9ಉ ಅಲ್ಲ! ಎರಡೂ ಬಗೆಯ ಚಿತ್ರವನ್ನು ಅದೇ ಚುಕ್ಕಿಗಳಲ್ಲಿ ತುಂಬಿಸಿ, “ನನ್ನನ್ನು ಇಂಥ ಆಕಾರಕ್ಕೆ ಬಿಡಿಸು” ಅಂತ ಒಂದು ಚೀಟಿ ಅಂಟಿಸಿರ್ತಾರೆ. ಪ್ಲೇಯರ್ ಆ ಚೀಟಿ ಓದಬೇಕು. ಪ್ಲೇಯರಿನ ಸೆಟ್ಟಿಂಗಿನಲ್ಲಿ ಟಿವಿಯ ಆಕಾರ ಕೇಳೋ ಕಡೆ 4:3 ಲೆಟರ್‌ಬಾಕ್ಸ್ ಅಥವಾ ಪ್ಯಾನ್ ಸ್ಕ್ಯಾನ್ ಅಂತ ಉಳಿದಿದ್ದರೆ, 16:9 ಮಾಡಿ. ಹಾಗೆಯೇ ಸ್ಕೋಪ್ ಚಿತ್ರವನ್ನು ಹಳೇ 4:3 ಚೌಕಟ್ಟಿನೊಳಗೆ ಪಟ್ಟಿ ಸಮೇತ ಕೂರಿಸಿದ ಹಳೇ ವಿಸಿಡಿ ನಕಲುಗಳಲ್ಲಿ ನಾಲ್ಕೂ ಕಡೆ ಕಪ್ಪಿರತ್ತೆ, ಚಿತ್ರ ಪರದೆಯ ಶೇಕಡಾ 42ರಷ್ಟು ಮಾತ್ರ. ಜೂಮ್ ಗುಂಡಿಗೆ ನಿಜವಾಗಿ ಕೆಲಸ ಇರೋದು ಇಲ್ಲಿ. ಕತ್ತರಿಸೋದು ಬರೀ ಕಪ್ಪನ್ನ, ಚಿತ್ರವನ್ನಲ್ಲ.

ಕಂಪ್ಯೂಟರಿನಲ್ಲಿ ವಿಎಲ್‌ಸಿ ಬಳಸೋರು ಎ ಅಕ್ಷರ ಒತ್ತುತ್ತಾ ಹೋದರೆ ಆಕಾರಗಳು ಒಂದೊಂದಾಗಿ ಬದಲಾಗ್ತವೆ. ಎಳೆದ ಹಳೇ ಚಿತ್ರವನ್ನು 4:3ಕ್ಕೆ ತಂದು ನಿಲ್ಲಿಸಿ, ಎತ್ತಿನ ಗಾಡಿಯ ಚಕ್ರ ಬದಿಯಿಂದ ಕಾಣೋ ದೃಶ್ಯ ಸಿಕ್ಕರೆ ಅದನ್ನೇ ಅಳೀರಿ. ನಮ್ಮ ಹಳೇ ಸಿನಿಮಾಗಳಲ್ಲಿ ಗಾಡಿಗೇನು ಬರವೇ? ಪ್ರೊಜೆಕ್ಟರ್ ಇದ್ದವರು ಅದನ್ನು ಪರದೆಯ ಎದುರು ನೆಟ್ಟಗೆ ಇಡಿ. ಓರೆಯಾಗಿಟ್ಟು ಕೀಸ್ಟೋನ್ ಗುಂಡಿಯಲ್ಲಿ ಸರಿ ಮಾಡೋದು ಕೊನೆಯ ಉಪಾಯ. ಅದು ಚುಕ್ಕಿಗಳನ್ನು ಕಳೆದು ಆಕಾರ ಉಳಿಸತ್ತೆ.

ಇದಕ್ಕೆಲ್ಲ ಎದುರು ಮಾತು ಇದೆ, ನಮಗೂ ಗೊತ್ತು. ಮೊದಲನೆಯದು ದುಡ್ಡಿನದು: “ಇಷ್ಟು ಯೂರೋ ಕೊಟ್ಟು ದೊಡ್ಡ ಟಿವಿ ತಂದಿದ್ದು ಕಪ್ಪು ಪಟ್ಟಿ ನೋಡೋಕಾ?” ಚಿತ್ರಮಂದಿರದಲ್ಲಿ ಚಿತ್ರ ಚಿಕ್ಕದಾದಾಗ ಬದಿಯಿಂದ ಕರಿ ಪರದೆ ಸರಿದು ಬಂದು ಖಾಲಿ ಜಾಗ ಮುಚ್ಚೋದನ್ನ ನೋಡಿರ್ತೀರಿ. ಅಲ್ಲಿ ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳಲ್ಲ. ಕೋಣೆಯ ದೀಪ ಆರಿಸಿ ನೋಡಿ, ಹತ್ತು ನಿಮಿಷದಲ್ಲಿ ಪಟ್ಟಿ ಮರೆತುಹೋಗತ್ತೆ. ಎರಡನೆಯದು ಒಎಲ್‌ಇಡಿ ಪರದೆ ಹಾಳಾಗತ್ತೆ ಅನ್ನೋ ಭಯ. ದಿನವಿಡೀ ವರ್ಷಗಟ್ಟಲೆ ಬರೀ 4:3 ಹಾಕಿದರೆ ಮಧ್ಯದ ಚುಕ್ಕಿಗಳು ಬದಿಗಿಂತ ಬೇಗ ಸವೆಯೋದು ನಿಜ. ಆದರೆ ವಾರಕ್ಕೊಂದು ಹಳೇ ಚಿತ್ರ, ಉಳಿದಂತೆ ಸುದ್ದಿ, ಕ್ರಿಕೆಟ್ ನೋಡೋ ಮನೆಯಲ್ಲಿ ಅದು ಚಿಂತೆಯ ವಿಷಯ ಅಲ್ಲ.

ಮೂರನೆಯದು ಮನಸ್ಸಿಗೆ ಹತ್ತಿರದ್ದು. ಊರಿಂದ ಮೂರು ತಿಂಗಳಿಗೆ ಅಂತ ಬಂದ ಅಪ್ಪ ಅಮ್ಮನಿಗೆ ಕಣ್ಣು ಮಂಜು, ಚಿತ್ರ ದೊಡ್ಡದಾಗಿ ಕಂಡರೆ ಅವರಿಗೆ ಖುಷಿ. ಅವರ ಕೈಯಿಂದ ರಿಮೋಟ್ ಕಿತ್ಕೊಂಡು ಅನುಪಾತದ ಪಾಠ ಮಾಡೋದು ವಿಜ್ಞಾನ ಅಲ್ಲ. ಅವರವರ ಮನೆ, ಅವರವರ ಇಷ್ಟ. ಟಿವಿಯ ಗುಂಡಿ ಒತ್ತಿ ಎಳೆದದ್ದು ಮತ್ತೊಂದು ಗುಂಡಿಗೆ ಸರಿಹೋಗತ್ತೆ, ಅಲ್ಲಿ ಶಾಶ್ವತವಾದ ನಷ್ಟ ಇಲ್ಲ.

ನಷ್ಟ ಶುರುವಾಗೋದು ನಕಲು ಮಾಡುವಾಗ. ನಮ್ಮ ನಿಜವಾದ ಆತಂಕ ಇದೇ. ಹಳೇ ಚಿತ್ರವನ್ನು ಎಳೆದು ಅಥವಾ ಕತ್ತರಿಸಿ 16:9 ಮಾಡಿ ಅಂತರ್ಜಾಲಕ್ಕೆ ಏರಿಸಿದರೆ, ಹೊರದೇಶದಲ್ಲಿರೋ ಮಕ್ಕಳಿಗೆ ಸಿಗೋದು ಅದೊಂದೇ. ಬರೀ ಎಳೆದಿದ್ದರೆ ಗಣಿತದಲ್ಲಿ ಅದಕ್ಕೆ ಪರಿಹಾರ ಇದೆ, ಅಗಲವನ್ನು ಮುಕ್ಕಾಲಿಗೆ ಇಳಿಸಿದರೆ ಮುಖ ವಾಪಸ್ ಬರತ್ತೆ. ಕೆಲವು ಟಿವಿಗಳ ಪನೋರಮಾ ಥರ ಮಧ್ಯ ಕಮ್ಮಿ, ಬದಿ ಜಾಸ್ತಿ ಎಳೆದಿದ್ದರೆ ಬಿಡಿಸೋದು ಕಷ್ಟ. ಕತ್ತರಿಸಿದ್ದರೆ ಮುಗೀತು. ಹೋದ ಗೆಜ್ಜೆ ಯಾವ ಲೆಕ್ಕಕ್ಕೂ ಮರಳಿ ಬರಲ್ಲ.

ಇನ್ನೊಂದು ಕಡೆ ಎಷ್ಟು ಶ್ರಮ ನಡೀತಿದೆ ನೋಡಿ. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977ರ ಕಪ್ಪು-ಬಿಳುಪಿನ ‘ಘಟಶ್ರಾದ್ಧ’. ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಭಾರತದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು ಪುನರುಜ್ಜೀವನಗೊಳಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನ ಆಯ್ತು. ಒಂದೊಂದು ಚೌಕಟ್ಟಿನ ಗೀರು, ಧೂಳು ತೆಗೆದು ಉಳಿಸೋ ಕೆಲಸ ಅದು. ಅಷ್ಟು ಜತನದಿಂದ ಬಂದ ಚೌಕಟ್ಟನ್ನು ನಾವು ಸೋಫಾದಲ್ಲಿ ಕೂತು, ಒಂದೇ ಗುಂಡಿಯಲ್ಲಿ ಹಾಳು ಮಾಡಬೇಕಾ?

ಸಿನಿಮಾಗಳಿಗಾದರೂ ಇಂಥ ಸಂಸ್ಥೆಗಳಿವೆ. ನಮ್ಮ ಮನೆಯ ಕ್ಯಾಸೆಟ್ಟಿಗೆ ಯಾರಿದ್ದಾರೆ? ಹಳೇ ವಿಎಚ್‌ಎಸ್ ಮದುವೆ ಕ್ಯಾಸೆಟ್, ನಾಮಕರಣ, ಗೃಹಪ್ರವೇಶ, ಉಪನಯನ, ಇವೆಲ್ಲ 4:3. ಕ್ಯಾಸೆಟ್ಟಿನ ಟೇಪು ವರ್ಷ ಕಳೆದಂತೆ ಸವೆಯತ್ತೆ, ಬೂಷ್ಟು ಹಿಡಿಯತ್ತೆ. ಕೊನೆಯದಾಗಿ ವಿಸಿಆರ್ ತಯಾರಿಸ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಹಾಗಾಗಿ ಊರಿಗೆ ಹೋದಾಗ ಸ್ಟುಡಿಯೋದಲ್ಲಿ ಕೊಟ್ಟು ಪೆನ್ ಡ್ರೈವಿಗೆ ಹಾಕಿಸ್ಕೊಂಡು ಬರ್ತೀವಿ. ಅಲ್ಲಿ “ಫುಲ್ ಸ್ಕ್ರೀನ್ ಮಾಡಿಕೊಡ್ತೀವಿ ಸಾರ್” ಅಂದರೆ ಖುಷಿಯಿಂದ ತಲೆಯಾಡಿಸ್ತೀವಿ. ಆಮೇಲೆ “ಇನ್ನೇಕೆ ಈ ಕ್ಯಾಸೆಟ್ಟು” ಅಂತ ಮೂಲವನ್ನೇ ಎಸೀತೀವಿ.

ಆ ವಿಡಿಯೋದಲ್ಲಿ ಪಂಚೆ ಉಟ್ಟು ಓಡಾಡ್ತಿರೋ ತಾತ ಈಗಿಲ್ಲ. ಇಲ್ಲಿ ಹುಟ್ಟಿದ ಮೊಮ್ಮಗಳು ತಾತನ ನಡಿಗೆ, ಮುಖ, ನಗು ನೋಡಿ ತಿಳಿಯೋದು ಆ ಒಂದು ಫೈಲಿನಿಂದ ಮಾತ್ರ. ಅಣ್ಣಾವ್ರಿಗೆ ಸಾವಿರ ಫೋಟೋ ಇವೆ, ಹೋಲಿಸಿ ನೋಡಬಹುದು. ತಾತನಿಗೆ ಇರೋದು ಇದೊಂದೇ. ಅವರು ಅಗಲ ಮುಖದವರಾಗಿ, ಇಲ್ಲವೇ ತಲೆ ಕತ್ತರಿಸಿದವರಾಗಿ ಉಳಿದರೆ, ಅದನ್ನು ತಿದ್ದೋಕೆ ಇನ್ನೊಂದು ಸಾಕ್ಷಿ ಇಲ್ಲ.

ಅದಕ್ಕೇ ಕ್ಯಾಸೆಟ್ ಹಾಕಿಸುವಾಗ ನಾಲ್ಕು ಮಾತು ಸ್ಪಷ್ಟವಾಗಿ ಹೇಳಿ. ಆಕಾರ 4:3 ಇರಲಿ. ಎಳೆಯಬೇಡಿ, ಕತ್ತರಿಸಬೇಡಿ. ಅಂಚಿನಲ್ಲಿ ಸ್ವಲ್ಪ ಗೀಚಿದ ಹಾಗೆ ಕಂಡರೂ ಬಿಡಿ, ಅದೂ ಟೇಪಿನ ಭಾಗವೇ. ಮೂಲ ಕ್ಯಾಸೆಟ್ ವಾಪಸ್ ಕೊಡಿ. ಅಂತರ್ಜಾಲಕ್ಕೆ ಏರಿಸುವಾಗಲೂ 4:3 ಆಗಿಯೇ ಏರಿಸಿ, ಯೂಟ್ಯೂಬ್ ತಾನೇ ಹೊಂದಿಸಿಕೊಳ್ಳತ್ತೆ. ಆಗಲೇ ಎಳೆದ ಫೈಲ್ ನಿಮ್ಮಲ್ಲಿದ್ದರೆ ಗಾಬರಿ ಬೇಡ. ಎಷ್ಟೋ ಸಲ ಚುಕ್ಕಿಗಳು ಸರಿಯಾಗೇ ಇದ್ದು, ಆಕಾರ ಹೇಳೋ ಚೀಟಿ ಮಾತ್ರ ತಪ್ಪಾಗಿರತ್ತೆ. ಗುಣಮಟ್ಟ ಕಳೆಯದೆ ಅದೊಂದನ್ನೇ ಬದಲಿಸೋ ಉಚಿತ ತಂತ್ರಾಂಶಗಳಿವೆ. ಬದಲಿಸೋ ಮೊದಲು ಒಂದು ಪ್ರತಿ ತೆಗೆದಿಡಿ.

ನಿಮ್ಮ ಊರಿನ ಕನ್ನಡ ಬಳಗದಲ್ಲಿ ರಾಜ್ಯೋತ್ಸವಕ್ಕೆ ಸಿನಿಮಾ ತೋರಿಸೋ ಜವಾಬ್ದಾರಿ ನಿಮಗೆ ಬಂದರೆ, ಜನ ಬರೋಕೆ ಅರ್ಧ ಗಂಟೆ ಮೊದಲು ಆ ವೃತ್ತದ ಸ್ಲೈಡ್ ಒಮ್ಮೆ ಹಾಕಿ ನೋಡಿ. ಮೈಕ್ ಪರೀಕ್ಷೆ ಮಾಡ್ತೀವಲ್ಲ, ಹಾಗೇ ಇದು. ಮಕ್ಕಳನ್ನೇ ಸ್ಕೇಲ್ ಕೊಟ್ಟು ಅಳೆಯೋಕೆ ಬಿಡಿ. ಅನುಪಾತ ಅಂದ್ರೇನು ಅಂತ ಶಾಲೆಯ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಆಗತ್ತೆ.

ಈ ವಾರಾಂತ್ಯ ನಿಮ್ಮ ಟಿವಿ ಅಳೆದು ಎಷ್ಟು ಬಂತು ಅಂತ ನಮಗೆ ಬರೆದು ತಿಳಿಸಿ. 1.00 ಬಂದವರಿಗೆ ಅಭಿನಂದನೆ, 1.33 ಬಂದವರಿಗೆ ಮೇಲಿನ ಔಷಧಿ.